ಮೌನಳ ನಾಲ್ಕು ವಾರ

ಪೋರೂರು, ಚೆನ್ನೈ
24 ಆಗಸ್ಟ್ 2025, ಭಾನುವಾರ

ಅನಸೂಯಕ್ಕನಿಗೆ ತಮ್ಮ ಮುರಳೀಧರನ ನಮಸ್ಕಾರಗಳು.

ನೀನು ಚಿತ್ರದುರ್ಗದಿಂದ ಎರಡು ಸಲ ಫೋನ್ ಮಾಡಿದಾಗಲೂ 'ಆಮೇಲೆ ಮಾತಾಡ್ತೀನಿ' ಅಂತ ಇಟ್ಟುಬಿಟ್ಟೆ. ಬೇಜಾರು ಮಾಡಿಕೋಬೇಡ. ಫಲಿತಾಂಶ ಬರೋವರೆಗೂ ಯಾರಿಗೂ ಹೇಳಬಾರದು ಅಂತ ಬಾಯಿ ಕಟ್ಟಿಕೊಂಡಿದ್ದೆ. ಇವತ್ತು ತಡೆಯೋಕಾಗ್ತಿಲ್ಲ ಅಕ್ಕ. ಅಕ್ಷರ ಸೊಟ್ಟಗಾಗಿದ್ದರೆ ಹೇಗೋ ಹೊಂದಿಸಿಕೊಂಡು ಓದು!

ನನ್ನ ಮಗಳು ಮೌನಳನ್ನ ನೀನು ಬಲ್ಲೆ. ಒಂಬತ್ತು ತುಂಬಿದರೂ ಒಂದು ಲೆಕ್ಕ ಮುಗಿಸೋದರೊಳಗೆ ಮೂರು ಸಲ ಬಾಲ್ಕನಿಗೆ ಓಡೋಳು. ಸ್ಕೂಲಿನಿಂದ ವಾರಕ್ಕೊಂದು ದೂರು. ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಅಂದರು ಡಾಕ್ಟರ್ ವೆಂಕಟಲಕ್ಷ್ಮಿ. ಔಷಧಿ ಅಂದಕೂಡಲೇ ನನ್ನ ಹೆಂಡತಿ ಶಾಲಿನಿ ಎದ್ದೇ ನಿಂತಳು. 'ಮಗೂನ ಮಂಕು ಮಾಡಿ ಕೂರಿಸೋ ಮಾತ್ರೆ ನನಗೆ ಬೇಡ!'

'ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿಯೇ ನೋಡೋಣ' ಅಂದರು ಡಾಕ್ಟರು. ನಾಲ್ಕು ವಾರ ದಿನಾ ಬೆಳಿಗ್ಗೆ ಒಂದು ಕ್ಯಾಪ್ಸೂಲು. ಎರಡು ವಾರ ನಿಜವಾದ ಔಷಧಿ, ಎರಡು ವಾರ ಬರೀ ಸಕ್ಕರೆಪುಡಿ. ನೋಡೋಕೆ ಎರಡೂ ಒಂದೇ. ಯಾವ ವಾರ ಯಾವುದು ಅಂತ ಔಷಧಿ ತುಂಬಿದವರು ಬರೆದು ಲಕೋಟೆಯಲ್ಲಿ ಮುಚ್ಚಿಟ್ಟರು. ಡಾಕ್ಟರಿಗೂ ಗೊತ್ತಿಲ್ಲ! ಪ್ರತಿ ಶುಕ್ರವಾರ ಮೌನಳ ಟೀಚರ್ ಸುಮತಿ ಒಂದು ಹಾಳೆಯಲ್ಲಿ ಅವಳ ಚಡಪಡಿಕೆಗೆ ಅಂಕ ಹಾಕಬೇಕು, ಊಟ, ನಿದ್ದೆ, ತೂಕ ನಾವು ಬರೆಯಬೇಕು.

ಮೊದಲನೇ ವಾರವೇ ಶಾಲಿನಿ, 'ನೋಡ್ರೀ, ಮಗು ಹೇಗೆ ಸಪ್ಪಗಾಗಿದೆ' ಅಂತ ಕಣ್ಣೀರು ಹಾಕಿದಳು. ಎರಡನೇ ವಾರ ಊಟದ ಡಬ್ಬಿ ಅರ್ಧಕ್ಕರ್ಧ ವಾಪಸ್ ಬಂತು. ಆದರೆ ಬುಧವಾರ ಸಂಜೆ ನಾನು ಆಫೀಸಿಂದ ಬಂದು ಚಪ್ಪಲಿ ಬಿಡ್ತಿದ್ದೀನಿ, ಹುಡುಗಿ ಪುಸ್ತಕ ಹಿಡಿದು ಓಡಿಬಂದಳು. 'ಅಪ್ಪಾ, ಮುಡಿಚಿಟ್ಟೇನ್!' ಮುಗಿಸಿಬಿಟ್ಟೆ ಅಂತ. ಒಂದು ಪುಟದ ಹತ್ತೂ ಲೆಕ್ಕ, ಒಬ್ಬಳೇ! ಮೂರನೇ ವಾರ ಮತ್ತೆ ಮೊದಲಿನ ಹಾಗೆ, ಎರಡು ನೀರಿನ ಬಾಟಲಿ ಕಳೆದುಕೊಂಡು ಬಂದಳು.

ನಿನ್ನೆ ಲಕೋಟೆ ಒಡೆದರು ಅಕ್ಕ! ಅದಕ್ಕೆ ಮೊದಲು ಡಾಕ್ಟರು, 'ನಿಮ್ಮ ಊಹೆ ಹೇಳಿ' ಅಂದರು. 'ಒಂದನೇ ವಾರ ಔಷಧಿಯೇ, ಅನುಮಾನವೇ ಬೇಡ' ಅಂದಳು ಶಾಲಿನಿ. ಟೀಚರ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಮೂವತ್ತೆಂಟು, ಹದಿನೇಳು, ಮೂವತ್ತಾರು, ಹದಿನೈದು. ಲಕೋಟೆಯಲ್ಲಿದ್ದ ಚೀಟಿ: ಔಷಧಿ, ಎರಡು ಮತ್ತು ನಾಲ್ಕನೇ ವಾರ!

'ಹಾಗಾದರೆ ನಾನು ಅತ್ತಿದ್ದು ಸಕ್ಕರೆಪುಡಿಗಾ?' ಅಂತ ಶಾಲಿನಿ ನಕ್ಕಳು ನೋಡು, ನಗ್ತಾ ನಗ್ತಾ ಮತ್ತೆ ಅತ್ತಳು. ಮೌನಳನ್ನೂ ಕೇಳಿದರು. 'ಲೆಕ್ಕ ಮುಗಿಸಿದ ದಿನ ತಲೆಯೊಳಗೆ ಸದ್ದು ಕಮ್ಮಿ ಇತ್ತು' ಅಂದಳು.

ಇದರಿಂದ ಎಲ್ಲ ಸರಿಹೋಗಿಬಿಡುತ್ತೆ ಅಂತಲ್ಲ. ಕಡಿಮೆ ಪ್ರಮಾಣದಲ್ಲೇ ಶುರು. ಹಸಿವು ಕಮ್ಮಿಯಾಗೋದರಿಂದ ತಿಂಗಳಿಗೊಮ್ಮೆ ತೂಕ, ಬಿಪಿ ನೋಡಬೇಕು. ಪಕ್ಕದಲ್ಲಿ ಕೂತು ಓದಿಸೋದೂ ತಪ್ಪೋದಿಲ್ಲ. ಸಾಕು ಅನ್ನಿಸಿದ ದಿನ ಹೇಳಿ, ಮತ್ತೆ ಯೋಚಿಸೋಣ ಅಂದಿದ್ದಾರೆ. ಸೋಮವಾರದಿಂದ ಶುರು. ಒಪ್ಪಿಗೆಗೆ ಮೊದಲು ಸಹಿ ಹಾಕಿದ್ದು ಶಾಲಿನಿ!

ಭಾವನಿಗೆ ನಮಸ್ಕಾರ. ನಿನ್ನ ಸೋದರಸೊಸೆಯ ತಲೆಯ ಮೇಲೆ ಅಲ್ಲಿಂದಲೇ ಕೈ ಇಟ್ಟು ಹರಸು.

ಇಂತಿ ನಿನ್ನ ತಮ್ಮ,
ಮುರಳಿ

ತಾ.ಕ.: ಮೊದಲ ದಿನ ಡಾಕ್ಟರು, 'ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲಿ ಹೀಗಿದ್ದವರು ಯಾರಾದರೂ ಇದ್ದರಾ?' ಅಂತ ಕೇಳಿದ್ದರು. 'ಯಾರೂ ಇಲ್ಲ' ಅಂದೆ. ಹೇಳೋಕೆ ನಾಚಿಕೆಯಾಯಿತು. ನೀನು ಏಳನೇ ಕ್ಲಾಸಿನಲ್ಲಿ ನಪಾಸಾದಾಗ ಅಪ್ಪ 'ಇವಳ ತಲೆಗೆ ಹತ್ತಲ್ಲ' ಅಂತ ಸ್ಕೂಲು ಬಿಡಿಸಿದರಲ್ಲ, ಅವತ್ತು ಗೆಳೆಯರ ಮುಂದೆ ನಿನ್ನನ್ನ ದಡ್ಡಿ ಅಂತ ಕರೆದು ನಗಿಸಿದವನು ನಾನೇ. ನಿನ್ನೆ ಡಾಕ್ಟರ ಹತ್ತಿರ ಆ ಉತ್ತರ ತಿದ್ದಿಸಿ, 'ನನ್ನಕ್ಕ' ಅಂತ ಬರೆಸಿದೆ. ನಿನಗೂ ಇದೇ ಇತ್ತೋ ಇಲ್ಲವೋ ನೋಡದೆ ಹೇಳೋಕಾಗಲ್ಲ ಅಂದರು ಡಾಕ್ಟರು. ಇರಲಿ, ಇಲ್ಲದಿರಲಿ, ಆಗ ನಮ್ಮಲ್ಲಿ ಒಬ್ಬರೂ ನಿನ್ನನ್ನ ಏನಾಗ್ತಿದೆ ಅಂತ ಕೇಳಲೇ ಇಲ್ಲ. ತಪ್ಪಾಯಿತು ಅಕ್ಕ.