ಅಂಚಿನಲ್ಲಿ ಒಂದು ಕೈ

ಅಡುಗೆಮನೆಯ ಮೇಜಿನಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಅತ್ತಿಗೆಯ ಕೆಮ್ಮು? ಇಲ್ಲಿ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾಳೆ: ಔಷಧದ ಡಬ್ಬಿ, ಸೋಪಿನ ಹೊದಿಕೆ, ಬಸ್ಸಿನ ಬೆನ್ನು. ಅದೂ ಗಟ್ಟಿಯಾಗಿ. ನಿನ್ನೆ ಎದುರುಮನೆಯ ನಾಮಫಲಕದ ಮುಂದೆ ನಿಂತು, "ಇಷ್ಟು ವರ್ಷ ಇವರನ್ನ ಡಾಕ್ಟರು ಅಂದ್ಕೊಂಡಿದ್ನಲ್ಲೇ, ವಕೀಲರಂತೆ" ಎಂದಳು. ಮಂಡಿನೋವಿಗೆ ಅವರು ಹೇಳಿದ ಮಾತ್ರೆ ಕೆಲಸ ಮಾಡಿತ್ತು ಅನ್ನುವುದು ಬೇರೆ ವಿಷಯ.

ನನ್ನ ಕೆಲಸ ಏನೆಂದು ನೀನು ಕೇಳಿಲ್ಲ, ನಾನು ಹೇಳಿಲ್ಲ. ಈಗ ಹೇಳುತ್ತೇನೆ. ಕಾಲೇಜಿನ ಇತಿಹಾಸದ ಮೇಡಂ ಹಳೆಯ ಫೋಟೋ ಸ್ಟುಡಿಯೋಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ. ಜನ ಹೇಗೆ ನಿಂತರು, ಯಾರು ಕುರ್ಚಿಯಲ್ಲಿ ಕುಳಿತರು, ಯಾರನ್ನು ಹಿಂದೆ ನಿಲ್ಲಿಸಿದರು ಎಂಬುದೆಲ್ಲ ಅವರಿಗೆ ಬೇಕು. ಗ್ರಂಥಾಲಯಗಳು ಗಣಕಕ್ಕೇರಿಸಿದ ಚಿತ್ರಗಳನ್ನು ಒಂದುಗೂಡಿಸಿ ಕೊಡುವವಳು ನಾನು. ಒಂದೊಂದೇ ಹುಡುಕುತ್ತ ಕೂತರೆ ಆಯುಷ್ಯ ಸಾಲದು. ಕೆಲವು ಗ್ರಂಥಾಲಯಗಳು ಹಿತ್ತಲ ಬಾಗಿಲು ತೆರೆದಿಟ್ಟಿವೆ. ಅಲ್ಲಿಂದ ಇಡೀ ಸಂಗ್ರಹದ ವಿವರಗಳನ್ನು ಒಂದೇ ಸಲಕ್ಕೆ ಸೆಳೆದುಕೊಳ್ಳಬಹುದು. ನಮ್ಮ ಕಸುಬಿನಲ್ಲಿ ಇದನ್ನು ಕೊಯ್ಲು ಅನ್ನುತ್ತಾರೆ. ಕುಡುಗೋಲಿಲ್ಲ, ಕೆಸರಿಲ್ಲ, ಕೊಯ್ದವಳಿಗೆ ಹೆಸರಿಲ್ಲ. ಪ್ರಾಸದ ಚಟ ಇನ್ನೂ ಬಿಟ್ಟಿಲ್ಲ ನೋಡು.

ಕಳೆದ ವಾರ ನೀನು ಕೆಲಸ ಮಾಡುವ ಗ್ರಂಥಾಲಯದ ಕೊಯ್ಲಿನ ಸರದಿ. ಚಿತ್ರಗಳನ್ನು ಸರಿಸುತ್ತ ಹೋಗುತ್ತಿದ್ದೆ. ಒಂದು ಕಡೆ ಬೆರಳು ನಿಂತಿತು. ಮದುಮಕ್ಕಳ ಹಿಂದೆ ಬಣ್ಣದ ಪರದೆ, ಪರದೆಯಲ್ಲಿ ಮಹಡಿಯ ಮೆಟ್ಟಿಲು, ಕೊನೆಯ ಮೆಟ್ಟಿಲ ಮೇಲೆ ನೇರ ಆಕಾಶ. ನಮ್ಮ ಸ್ಟುಡಿಯೋದ ಪರದೆ ಬರೆದವನು ಬಾಗಿಲು ಮರೆತಿದ್ದನಲ್ಲ, ಅಪ್ಪ ಅವನನ್ನು ಸಾಯುವವರೆಗೂ ಬೈದರಲ್ಲ, ಅದೇ ಮೆಟ್ಟಿಲು. ಮುಂದಿನ ಚಿತ್ರದಲ್ಲೂ ಅದೇ. ಅದರ ಮುಂದಿನದರಲ್ಲೂ.

ಅಪ್ಪನ ನೆಗೆಟಿವ್‌ಗಳು, ಅಣ್ಣಾ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಕಿಟಕಿಯಿಂದ ಮಳೆನೀರು ನುಗ್ಗಿ ಅಂಟಿನ ಮುದ್ದೆಯಾದವು, ತಿಪ್ಪೆಗೆ ಎಸೆದೆ ಎಂದಿದ್ದೆಯಲ್ಲ, ಅವು. ಒಂದಕ್ಕೂ ಒಂದು ಹನಿ ನೀರು ತಾಗಿಲ್ಲ.

ಇನ್ನೊಂದು ವಿಷಯ ನಿನಗೂ ಗೊತ್ತಿರಲಾರದು. ಅಪ್ಪ ಪ್ರಿಂಟ್ ಹಾಕುವಾಗ ಅಂಚು ಕತ್ತರಿಸಿಯೇ ಕೊಡುತ್ತಿದ್ದರು. ಗ್ರಂಥಾಲಯದವರು ಕತ್ತರಿಸುವುದಿಲ್ಲ, ಇದ್ದುದನ್ನು ಇದ್ದಂತೆ, ತುದಿಯಿಂದ ತುದಿಗೆ ಯಂತ್ರಕ್ಕೆ ಕೊಡುವುದು ಅವರ ನೇಮ. ಹಾಗಾಗಿ ಎಡ ಅಂಚಿನಲ್ಲಿ, ಬೆಳಕನ್ನು ಮುಖಕ್ಕೆ ತಿರುಗಿಸುವ ಬಿಳಿ ರಟ್ಟು, ರಟ್ಟು ಹಿಡಿದ ಕೈ. ಕಿರುಬೆರಳು ಸೊಟ್ಟ. ಆ ಬೆರಳಿನ ಮೇಲೆ ಬಾಗಿಲು ಹಾಕಿದವನು ನೀನು. ಮರೆತಿರಬಹುದು, ಬೆರಳು ಮರೆತಿಲ್ಲ. ಪುಟ್ಟ ಕೈ ಚಿತ್ರದಿಂದ ಚಿತ್ರಕ್ಕೆ ದೊಡ್ಡದಾಗುತ್ತದೆ, ಬಳೆ ಬದಲಾಗುತ್ತದೆ, ಕೊನೆಗೆ ಡಿಗ್ರಿ ಮುಗಿಸಿದ ವರ್ಷದ ವಾಚು ಬರುತ್ತದೆ. "ಅಲುಗಬೇಡ, ಗುಂಡುಸೂಜಿ" ಎಂದು ಅಪ್ಪ ನನಗೆ ಅನ್ನುತ್ತಿದ್ದುದು ಮತ್ತೆ ಕೇಳಿಸಿತು. ಅಲುಗದೆ ಕೂತೆ. ವಿವರ ಬರೆದ ಪುಣ್ಯಾತ್ಮರು ಬಹಳ ಶಿಸ್ತಿನವರು, ಪ್ರತಿ ಚಿತ್ರದ ಕೆಳಗೂ ನಮೂದಿಸಿದ್ದಾರೆ: "ಅಂಚಿನಲ್ಲಿ ಅಪರಿಚಿತರ ಕೈ."

ಅವರದು ತಪ್ಪಲ್ಲ. ಕೊಟ್ಟವರು ಯಾರು ಎಂಬಲ್ಲಿ ನಿನ್ನ ಹೆಸರಿದೆ. ಹೆಸರಿನ ಮುಂದೆ "ಛಾಯಾಗ್ರಾಹಕರ ಏಕೈಕ ಸಂತಾನ" ಎಂದಿದೆ. ಅಪ್ಪ ಆಸ್ಪತ್ರೆಯಲ್ಲಿ, ಮಗ ಒಬ್ಬನೇ ಅಂದಮೇಲೆ ಇನ್ನೊಬ್ಬರ ಸಹಿ ಬೇಕಿಲ್ಲವಲ್ಲ. ಕೊಟ್ಟ ವರ್ಷವೂ ಇದೆ. ನಿನಗೆ ಅಲ್ಲಿ ನೌಕರಿಯಾದ ವರ್ಷವೇ ಅದು. ನಾನು ಇತಿಹಾಸದವಳಲ್ಲ, ಎರಡನ್ನೂ ಸೇರಿಸಿ ನೋಡುವುದನ್ನು ಮೇಡಂ ಅಂಥವರಿಗೆ ಬಿಡುತ್ತೇನೆ.

ಕೊಟ್ಟದ್ದನ್ನು ಕ್ಷಮಿಸಬಹುದಿತ್ತು. ನಮ್ಮ ಕಪಾಟಿನಲ್ಲಿ ಗೆದ್ದಲಿಗೆ ಹೋಗುತ್ತಿತ್ತೇನೋ. ಕೇಳಿದ್ದರೆ ನಾನೇ ಒರೆಸಿ ಕಟ್ಟಿಕೊಡುತ್ತಿದ್ದೆ. ಆದರೆ ಅಪ್ಪ ಮನೆಗೆ ಬಂದು ಖಾಲಿ ಕಪಾಟು ನೋಡಿದಾಗ "ಗುಂಡುಸೂಜಿ ಕಿಟಕಿ ಹಾಕಿರಲಿಲ್ಲ" ಎಂದೆಯಲ್ಲ. ನಾನು ಹಾಕಿದ್ದೆ ಎಂದೆ. ನಿನ್ನ ಮುಖ ಎಷ್ಟು ಸಮಾಧಾನವಾಗಿತ್ತೆಂದರೆ, ನನಗೇ ಅನುಮಾನ ಬಂತು. ಅಪ್ಪ ಬೈಯಲಿಲ್ಲ. ಅಂದಿನಿಂದ ಸಂಜೆ ಕಿಟಕಿಯನ್ನು ತಾವೇ ಎದ್ದು ಹಾಕತೊಡಗಿದರು, ನಾನು ಪಕ್ಕದಲ್ಲೇ ನಿಂತಿದ್ದರೂ. ಬಿಳಿ ರಟ್ಟನ್ನು ಒಂದು ಸ್ಟ್ಯಾಂಡಿಗೆ ಕಟ್ಟಿದರು. ಸ್ಟುಡಿಯೋ ನನಗೆ ಎಂದಿದ್ದವರು ಕ್ಯಾಮೆರಾವನ್ನು ಪಕ್ಕದ ಬೀದಿಯವನಿಗೆ ಕೊಟ್ಟರು. ಹಾಗೇ ನಂಬಿಕೊಂಡು ಹೋದರು. ಅವರಿಗೆ ಈಗ ಯಾವ ತಿದ್ದುಪಡಿ ಕಳಿಸಲಿ?

ಮುಂದಿನ ತಿಂಗಳ ಪ್ರದರ್ಶನದ ಆಮಂತ್ರಣ ಬಂತು. ಅಪ್ಪನ ಚಿತ್ರಗಳು, ನಿನ್ನ ಭಾಷಣ. ಅಣ್ಣನಿಗೆ ಸನ್ಮಾನ, ತಂಗಿಗೆ ಅನುಮಾನ. ಇದು ಅಷ್ಟು ಒಳ್ಳೆಯ ಪ್ರಾಸವಲ್ಲ. ಅಮ್ಮ ಕಾರ್ಡನ್ನು ಗಟ್ಟಿಯಾಗಿ ಓದಿ, "ಎಲ್ಲಿಂದಲೋ ಹುಡುಕಿ ತಂದಿದಾನೆ ನೋಡೆ, ನನ್ನ ಮಗ" ಎಂದು ಕಣ್ಣೊರೆಸಿಕೊಂಡಳು.

ಅತ್ತಿಗೆಯನ್ನು ಕೇಳಿದೆ ಎಂದು ಹೇಳು. ಮಕ್ಕಳಿಗೆ ಅತ್ತೆಯ ಆಶೀರ್ವಾದ. ಬೆನ್ನು ನೋಡಿಕೋ, ಭಾರ ಎತ್ತಬೇಡ.

ನಿನ್ನ ತಂಗಿ,
ಗುಂಡುಸೂಜಿ

ಮರೆತಿದ್ದೆ: ಅದು ಯಾರ ಕೈ ಎಂದು ತಿಳಿಸಿ ಗ್ರಂಥಾಲಯಕ್ಕೆ ಬರೆದೆ. ವಿವರ ತಿದ್ದುವ ಹಕ್ಕು ಕೊಟ್ಟವರಿಗೆ ಮಾತ್ರವಂತೆ, ನಿನ್ನನ್ನೇ ಕೇಳುತ್ತಾರಂತೆ. "ಅದು ನನ್ನ ತಂಗಿಯ ಕೈ" ಎಂದು ನೀನೇ ಬರೆಯಬೇಕು. ಬರೆದರೆ ಏಕೈಕ ಸಂತಾನವಾಗಿ ಉಳಿಯುವುದಿಲ್ಲ, ಅದನ್ನು ಯೋಚಿಸಿಕೋ. ಬರೆಯದಿದ್ದರೂ ಸರಿ. ಪ್ರದರ್ಶನಕ್ಕೆ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಚಿತ್ರಗಳ ಕೆಳಗಿರುವುದನ್ನೆಲ್ಲ ಅವಳು ಓದುತ್ತಾಳೆ. ಗಟ್ಟಿಯಾಗಿ.