ಕುರ್ಚಿ ಮೇಲೆ ನಿಂತವಳು ನಾನೇ

ಮಳವಳ್ಳಿ
ಗುರುವಾರ, 6-2-2025

ಚಿ. ಸೌ. ಸಿಂಧುಗೆ,

ನಿನ್ನ ಅಮ್ಮನ ಆಶೀರ್ವಾದ. ನಿನಗೆ ನನ್ನ ಮೇಲೆ ಕೋಪ, ನನಗೂ ನಿನ್ನ ಮೇಲೆ ಕೋಪ. ಆದರೆ ಆಶೀರ್ವಾದಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಕ್ಷೇಮ. ಮಂಡಿ ನೋವು ಇದ್ದ ಹಾಗೇ ಇದೆ.

ಮಂಡ್ಯದಲ್ಲಿರುವ ಮಗಳಿಗೆ ಮಳವಳ್ಳಿಯಿಂದ ಕಾಗದ ಯಾಕೆ ಅಂತ ನೀನು ಕೇಳಬಹುದು. ಫೋನಿನಲ್ಲಿ ನಾನು ಎರಡು ಮಾತಾಡುವಷ್ಟರಲ್ಲಿ ನೀನು "ಅಮ್ಮಾ, ಪ್ಲೀಸ್" ಅನ್ನುತ್ತೀಯ. ಸೋಮವಾರ ಹಾಗೇ ಅಂದು ಇಟ್ಟುಬಿಟ್ಟೆ. ಕಾಗದದ ಮಧ್ಯೆ ಹಾಗೆ ಅನ್ನೋದಕ್ಕಾಗಲ್ಲ. ಪೂರ್ತಿ ಓದು.

ನೀನು ಅವತ್ತು ಹೇಳಿದ್ದು ಇಷ್ಟು. ಮಂಡ್ಯದಲ್ಲಿ ನಡೆದ ರೆಸ್ಲಿಂಗ್ ಶೋನಲ್ಲಿ ಒಬ್ಬ ಮುದುಕಿ ಕುರ್ಚಿ ಹತ್ತಿ ಕೂಗುವ ವಿಡಿಯೋ ಎಲ್ಲರ ಫೋನಿಗೂ ಬಂದಿದೆ. ನಿನ್ನ ಮಾವ ವೆಂಕಟರಾಮಯ್ಯನವರಿಗೆ ವಾಕಿಂಗಿನಲ್ಲಿ ಸ್ನೇಹಿತರು ತೋರಿಸಿದರು. ಅಳಿಯಂದಿರ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ನೋಡಿ ನಕ್ಕರು. ಮುಂದಿನ ಶುಕ್ರವಾರ, ಹದಿನಾಲ್ಕನೇ ತಾರೀಕು, ಗುತ್ತಲಿನಲ್ಲಿ ನಿಮ್ಮ ಹೊಸ ಮನೆಯ ಗೃಹಪ್ರವೇಶ, ಇನ್ನೂರು ಜನ ಬರುತ್ತಾರೆ. ಯಾರಾದರೂ ಕೇಳಿದರೆ ಅದು ನಾನಲ್ಲ, ನನ್ನ ಹಾಗೇ ಇರುವ ಇನ್ಯಾರೋ ಅಂತ ನಾನು ಹೇಳಬೇಕು. ಹಾಗೆ ಹೇಳಲು ಆಗದಿದ್ದರೆ ಜನವೆಲ್ಲ ಊಟ ಮುಗಿಸಿ ಹೋದ ಮೇಲೆ, ಸಾಯಂಕಾಲ ಬಂದು ಹೋಗಬೇಕು.

ಹೇಳುವುದಿಲ್ಲ ಸಿಂಧು. ಕುರ್ಚಿ ಮೇಲೆ ನಿಂತವಳು ನಾನೇ. ಆ ಬೂದಿ ಬಣ್ಣದ ಸೀರೆ ನೀನೇ ತಂದುಕೊಟ್ಟದ್ದು, ನಿನಗೆ ಗುರುತು ಸಿಗದೆ ಇರುತ್ತದೆಯೇ.

ಮೊದಲು ನಿನ್ನ ಮಾವನವರ ಮಾತಿಗೆ ಉತ್ತರ ಕೊಡುತ್ತೇನೆ. ಅದೆಲ್ಲ ಮೊದಲೇ ಮಾತಾಡಿಕೊಂಡು ಆಡುವ ಆಟ, ಇಷ್ಟೂ ತಿಳಿಯದ ಹೆಂಗಸಾ ನಿಮ್ಮಮ್ಮ ಅಂದರಂತೆ. ತಿಳಿಯದೆ ಏನು, ಒಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಊರಿನ ಪೌರಾಣಿಕ ನಾಟಕದಲ್ಲಿ ಕೊನೆಗೆ ಯಾರು ಸಾಯುತ್ತಾರೆ ಅಂತ ಗೊತ್ತಿಲ್ಲದೆ ಯಾರಾದರೂ ಚಾಪೆ ಹಾಕಿಕೊಂಡು ಕೂತಿರುತ್ತಾರಾ? ಗೆಲುವು ಯಾರದ್ದು ಅನ್ನೋದು ಮೊದಲೇ ತೀರ್ಮಾನ, ಒಪ್ಪಿದೆ. ಆದರೆ ಎಂಟಡಿ ಎತ್ತರದಿಂದ ಬೆನ್ನ ಮೇಲೆ ಬೀಳುವವನಿಗೆ ಹಲಗೆ ಮೆತ್ತಗಾಗಿಬಿಡುತ್ತದೆಯೇ? ಗರಡಿ ಕುಸ್ತಿಯಾದರೆ ಗೌರವ ಅಂದರಂತೆ. ನನಗೂ ಗೌರವವೇ. ಅಲ್ಲಿ ಎದುರಾಳಿಯನ್ನು ಕೆಡವಿದವನು ದೊಡ್ಡವನು. ಇಲ್ಲಿ ಎದುರಾಳಿಗೆ ಪೆಟ್ಟಾಗದ ಹಾಗೆ ಕೆಡವಿ, ನೋಡುವವರ ಎದೆ ಝಲ್ಲೆನ್ನಿಸುವವನು ದೊಡ್ಡವನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಯಾಕೆ ಹಾಕಬೇಕು.

ಇದರಲ್ಲೂ ನನಗೆ ಆಗದವರು ಇದ್ದಾರೆ. ಬೆಂಕಿ ಹೊಗೆ ಎಬ್ಬಿಸಿಕೊಂಡು ಹತ್ತು ನಿಮಿಷ ನಡೆದು ಬಂದು ಮೂರು ನಿಮಿಷ ಆಡಿ ಹೋಗುವವರು. ಬೆಲ್ಟು ಗೆದ್ದ ಮೇಲೆ ಬೆನ್ನು ನೆಲಕ್ಕೆ ತಾಗಿಸಲು ಒಪ್ಪದವರು. ಎಲ್ಲಕ್ಕಿಂತ ಆಗದವರು ಅಂದರೆ ಎಡಗಾಲಿಗೆ ಪೆಟ್ಟು ತಿಂದು ಸ್ವಲ್ಪ ಹೊತ್ತಿಗೆ ಬಲಗಾಲು ಕುಂಟುವವರು. ಅದು ನೋಡುವವರಿಗೆ ಮಾಡುವ ಅವಮಾನ. ಇದನ್ನು ನನಗೆ ತೋರಿಸಿಕೊಟ್ಟವರು ನಿಮ್ಮಪ್ಪ.

ಹೌದು, ನಿಮ್ಮಪ್ಪ. ಅವರು ಹೋದ ಮೇಲೆ ಒಂಟಿಯಾಗಿ ಅಮ್ಮ ಈ ಹುಚ್ಚು ಹಚ್ಚಿಕೊಂಡಳು ಅಂತ ನೀನು ಎಲ್ಲರಿಗೂ ಹೇಳುತ್ತೀಯ. ಅದು ಸುಳ್ಳು. ಆ ಸುಳ್ಳನ್ನು ನಿನಗೆ ಕೊಟ್ಟವಳು ನಾನೇ, ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋದಾಗ ನೀನು ಮದುವೆಯಾಗಿ ಮಂಡ್ಯದಲ್ಲಿದ್ದೆ. ನಲವತ್ತು ವರ್ಷ ದೇವಸ್ಥಾನದಲ್ಲಿ ಮಂತ್ರ ಹೇಳಿದ ನಾಲಿಗೆಗೆ ನೀರು ಬೇಕು ಅನ್ನಲೂ ಆಗುತ್ತಿರಲಿಲ್ಲ. ಸಹಸ್ರನಾಮ ಹಾಕಿದರೆ ಸಮಾಧಾನವಾಗುತ್ತೆ ಅಂತ ನೀನು ಮೊಬೈಲಿಗೆ ತುಂಬಿಸಿ ಕೊಟ್ಟು ಹೋದೆ. ಹಾಕಿದರೆ ಅಳುತ್ತಿದ್ದರು. ತಾನು ಹೇಳಲಾರದ್ದನ್ನು ಇನ್ಯಾರೋ ಹೇಳುತ್ತಿದ್ದಾರಲ್ಲ ಅಂತ. ನಾಲ್ಕು ದಿನ ನೋಡಿ ನಿಲ್ಲಿಸಿಬಿಟ್ಟೆ, ನಿನಗೆ ಹೇಳಲಿಲ್ಲ.

ಒಂದು ಸಾಯಂಕಾಲ ಅವರ ಹಾಸಿಗೆ ಪಕ್ಕ ಕೂತು ಟೀವಿ ಚಾನೆಲ್ ತಿರುಗಿಸುತ್ತಿದ್ದೆ. ರೆಸ್ಲಿಂಗ್ ಬಂತು. ಬೆಟ್ಟದಂಥ ಬೋಳುತಲೆಯವನೊಬ್ಬ ಇನ್ನೊಬ್ಬನ ಮೇಲೆ ಅಡ್ಡ ಬಿದ್ದ, ರೆಫರಿ ನೆಲ ಬಡಿದು ಎಣಿಸಿದ, ಮೂರು ಎಣಿಸುವುದರೊಳಗೆ ಏಳದಿದ್ದರೆ ಸೋತ ಹಾಗೆ. ನನ್ನ ಹಿಂದಿನಿಂದ "ಒಂದು, ಎಡ್ಡು" ಅಂತ ಕೇಳಿತು. ತಿರುಗಿದರೆ ನಿಮ್ಮಪ್ಪ. ಐದು ತಿಂಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು. ಮಾತು ಹೋದವರಲ್ಲೂ ಕೆಲವರಿಗೆ ಎಣಿಕೆ ಉಳಿದಿರುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ನಾನು ಅವತ್ತು ರಿಮೋಟು ಕೆಳಗಿಟ್ಟವಳು, ಮುಟ್ಟಲಿಲ್ಲ.

ಮೊದಮೊದಲು ಅವರಿಗೋಸ್ಕರ ಕೂರುತ್ತಿದ್ದೆ. ಆಮೇಲೆ ನನಗೋಸ್ಕರ. ಇಬ್ಬರೂ ಸೇರಿ ಎಣಿಸುತ್ತಿದ್ದೆವು. ನಾನು ಅವರ ಮುಖ ನೋಡುತ್ತಿದ್ದರೆ ಅವರು ಅಲ್ಲಿನವರ ಕಾಲು ನೋಡುತ್ತಿದ್ದರು. ಯಾವನಾದರೂ ಕುಂಟುವ ಕಾಲು ಬದಲಾಯಿಸಿದರೆ ಎಡಗೈಯಲ್ಲಿ ಟೀವಿ ತೋರಿಸಿ ಮುಖ ಸಿಂಡರಿಸುವರು. ಪೂಜೆಯಲ್ಲಿ ಒಂದು ಉಪಚಾರ ಹಿಂದುಮುಂದಾದರೆ ಸಹಿಸದ ಮನುಷ್ಯ, ಇಲ್ಲಿ ಸಹಿಸುತ್ತಾರೆಯೇ. ನಾಲ್ಕು ವರ್ಷ ಈ ಮನೆಯಲ್ಲಿ ನಗು ಅನ್ನೋದು ಇದ್ದರೆ ಆ ಒಂದೆರಡು ಗಂಟೆಯೇ.

ಈಗ ಹೇಳುವುದನ್ನು ಬರೆಯಲು ಮೂರು ದಿನ ತೆಗೆದುಕೊಂಡೆ. ನೀನು ಶನಿವಾರ ಬರುತ್ತಿದ್ದೆಯಲ್ಲ, ಅವತ್ತು ನಾನು ರಿಮೋಟು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದೆ. ಪ್ರವಚನದ ಚಾನೆಲ್ ಹಾಕಿಡುತ್ತಿದ್ದೆ. ಅರ್ಚಕರ ಮನೆಯಲ್ಲಿ ಚಡ್ಡಿ ಹಾಕಿದವರ ಹೊಡೆದಾಟ ನೋಡುತ್ತಾರೆ ಅಂತ ನಿನಗೆ ಗೊತ್ತಾದರೆ ನಿನ್ನ ಅತ್ತೆ ಮನೆಗೂ ಗೊತ್ತಾಗುತ್ತದೆ ಅನ್ನುವ ನಾಚಿಕೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಅಪ್ಪನಿಗೆ ಸುಸ್ತು ಅಂತ ನಿನಗೆ ಹೇಳುತ್ತಿದ್ದೆ.

ಕೊನೆಯ ಶನಿವಾರ ನಿನ್ನ ಜೊತೆ ನಿನ್ನ ಮಾವನವರೂ ನೋಡಲು ಬಂದಿದ್ದರು. ಅವತ್ತು ದೊಡ್ಡ ಮ್ಯಾಚ್ ಇತ್ತು, ಅದಕ್ಕೆ ನಾವಿಬ್ಬರೂ ಎರಡು ವಾರದಿಂದ ಕಾಯುತ್ತಿದ್ದೆವು. ನಿಮ್ಮಪ್ಪ ಎಡಗೈ ಎತ್ತಿ ಒಂದು ಬೆರಳು ತೋರಿಸಿದರು, ಎರಡು ತೋರಿಸಿದರು, ನನ್ನನ್ನೇ ನೋಡಿದರು. ಏನು ಕೇಳುತ್ತಿದ್ದಾರೆ ಅಂತ ನಿನ್ನ ಮಾವ ಕೇಳಿದರು. ಎರಡು ಹೊತ್ತು ಸಂಧ್ಯಾವಂದನೆ ತಪ್ಪಿತಲ್ಲ ಅಂತ ಸಂಕಟ ಅವರಿಗೆ ಅಂದೆ. ನಿನ್ನ ಮಾವ ಕೈಮುಗಿದರು. ನಿಮ್ಮಪ್ಪ ಕೈ ಇಳಿಸಿದರು. ಮಂಗಳವಾರ ಹೋಗಿಬಿಟ್ಟರು.

ನನ್ನ ಗಂಡನ ಕೊನೆಯ ಆಸೆಯನ್ನು ನಾಲ್ಕು ಜನರ ಮುಂದೆ ಮರ್ಯಾದೆಗೆ ಅಂತ ಸುಳ್ಳು ಹೇಳಿ ಮುಚ್ಚಿಹಾಕಿದವಳು ನಾನು. ಈಗ ನೀನು ಅದೇ ಮರ್ಯಾದೆಗೆ ಇನ್ನೊಂದು ಸುಳ್ಳು ಕೇಳುತ್ತಿದ್ದೀಯ. ನನ್ನಿಂದ ಆಗದು.

ಇನ್ನು ಮಂಡ್ಯದಲ್ಲಿ ಶೋ ನಡೆದ ಆ ಭಾನುವಾರದ ವಿಷಯ. ವಿಡಿಯೋದಲ್ಲಿ ಇಪ್ಪತ್ತು ಸೆಕೆಂಡ್ ಇದೆ. ನಡೆದದ್ದು ಪೂರ್ತಿ ಕೇಳು.

ಆಧಾರ್ ಕಾರ್ಡ್ ತೋರಿಸಿ ಬಸ್ಸು ಹತ್ತಿದೆ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿಕೊಂಡು ಮಂಡ್ಯ ತಲುಪಿದೆ. ನಿನ್ನ ಮನೆಗೆ ಬರಲಿಲ್ಲ, ಬಂದಿದ್ದರೆ ನೀನು ಬಿಡುತ್ತಿರಲಿಲ್ಲ. ಮೈದಾನದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮಧ್ಯೆ ಹಗ್ಗ ಕಟ್ಟಿದ ಅಟ್ಟಣೆ. ನನ್ನ ಪಕ್ಕದ ಕುರ್ಚಿಯಲ್ಲಿ ಪೂರಿಗಾಲಿಯಿಂದ ಬಂದ ಬೆಟ್ಟಮ್ಮ ಅನ್ನುವಾಕೆ, ನನಗಿಂತ ಹತ್ತು ವರ್ಷ ಚಿಕ್ಕವಳು. ಎಲ್ಲರೂ ಕೂಗುತ್ತಿದ್ದರೂ ಈಕೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಮೂರನೆಯದು ಹುಡುಗಿಯರ ಆಟ. ಒಬ್ಬಳು ಚಿನ್ನದ ಚಿರತೆ, ಒಳ್ಳೆಯವಳು, ಗೆಲ್ಲಬೇಕಾದವಳು. ಇನ್ನೊಬ್ಬಳು ಕಾಳನಾಗಿ, ಕಪ್ಪು ಬಟ್ಟೆ, ಕೆಟ್ಟವಳ ಪಾರ್ಟು. ಚಿರತೆಗೆ ಕೂದಲು ಎಸೆಯೋದು ಚೆನ್ನಾಗಿ ಬರುತ್ತದೆ, ಅಷ್ಟೇ. ಆಟ ಕಟ್ಟಿದವಳು ಕಾಳನಾಗಿ. ಚಿರತೆಯ ಏಟು ಸೋಕುವ ಮೊದಲೇ ಬೀಳುವುದಿಲ್ಲ, ಸೋಕಿದ ಮೇಲೆ ತಡ ಮಾಡುವುದಿಲ್ಲ. ಬಲ ಮೊಣಕಾಲಿಗೆ ಒದೆ ಬಿದ್ದ ಮೇಲೆ ಕೊನೆಯವರೆಗೂ ಬಲಗಾಲನ್ನೇ ಕುಂಟಿದಳು. ನಿಮ್ಮಪ್ಪ ಇದ್ದಿದ್ದರೆ ತಲೆದೂಗುತ್ತಿದ್ದರು.

ಚಿರತೆ ಹಗ್ಗ ಕಟ್ಟಿದ ಮೂಲೆಯ ಕಂಬ ಹತ್ತಿ ಹಾರಬೇಕು, ಕಾಳನಾಗಿ ಕೆಳಗೆ ಬಿದ್ದಿರಬೇಕು. ಹಾರುವಾಗ ಚಿರತೆಯ ಕಾಲು ಜಾರಿತು. ತಲೆ ಕೆಳಗಾಗಿ ಬಂದಳು. ಮಲಗಿದ್ದ ಕಾಳನಾಗಿ ಒಂದು ಉರುಳು ಉರುಳಿ ಎದ್ದು ತನ್ನ ಎಡಭುಜ ಕೊಟ್ಟಳು. ಚಿರತೆಯ ಪೂರ್ತಿ ಭಾರ ಆ ಭುಜದ ಮೇಲೆ. ಕತ್ತು ಉಳಿಯಿತು. ನೋಡುವವರಿಗೆ ಕಂಡದ್ದು ಕೆಟ್ಟವಳು ಒಳ್ಳೆಯವಳನ್ನು ಗಾಳಿಯಲ್ಲೇ ಹಿಡಿದು ಮೋಸ ಮಾಡಿದ ಹಾಗೆ. ಕಾಳನಾಗಿ ಹಲ್ಲು ಕಚ್ಚಿಕೊಂಡು ಮತ್ತೆ ಮಲಗಿ, ಮೂರು ಎಣಿಸುವವರೆಗೂ ಮಲಗಿದ್ದು, ಸೋತು ಎದ್ದಳು. ಎಡಗೈ ನೇತಾಡುತ್ತಿತ್ತು.

ಕೆಟ್ಟವಳಿಗೆ ಜನ ಬೈಯಬೇಕು, ಬೈದರೇ ಅವಳ ಕೆಲಸ ಗೆದ್ದಂತೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಮ್ಮ ಮುಂದಿನ ಸಾಲಿನಲ್ಲಿದ್ದ ಒಬ್ಬ ಗಡ್ಡದವನು ನೀರಿನ ಬಾಟಲಿ ಎಸೆದ. ಆ ನೋಯುವ ಭುಜಕ್ಕೇ ಬಿತ್ತು. ಜೊತೆಗೆ ನಾನು ಇಲ್ಲಿ ಬರೆಯಲಾರದ ಒಂದು ಮಾತು ಅಂದ. ಬೆಟ್ಟಮ್ಮ ನನ್ನ ಕೈ ಹಿಡಿದುಕೊಂಡಳು. "ಅದು ನನ್ ಮಗ್ಳು ಕಣವ್ವ, ಮಾದೇವಿ. ಊರ್ನಾಗೆ ಯಾರ್ಗೂ ಯೋಳಿಲ್ಲ, ಟೈಲರಿಂಗ್ ಕಲೀತಾವ್ಳೆ ಅಂದಿವ್ನಿ. ಜನ ಬಯ್ತಾರೆ, ನೀ ಬರ್ಬ್ಯಾಡ ಅಂತ ಮೊದ್ಲೇ ಅಂದಿದ್ಲು. ನೋಡ್ದೆ ಇರಕ್ಕಾಗ್ನಿಲ್ಲ, ಬಂದ್ಬುಟ್ಟೆ."

ಯಾವಾಗ ಕುರ್ಚಿ ಹತ್ತಿದೆನೋ ನನಗೇ ಗೊತ್ತಿಲ್ಲ. ಈ ಮಂಡಿ ಹೇಗೆ ಎತ್ತಿತೋ. ಆ ಗಡ್ಡದವನಿಗೆ ಹೇಳಿದೆ: "ಏನೋ, ಕಣ್ಣು ಕಾಣಲ್ವೇನೋ ನಿನಗೆ? ಮೇಲಿಂದ ಬಿದ್ದೋಳ ಕತ್ತು ಮುರೀಬೇಕಿತ್ತು, ಇವಳು ಭುಜ ಕೊಟ್ಟು ಉಳಿಸಿದಾಳೆ. ಆ ಕೈ ನೋಡು, ಎತ್ತೋಕಾಗ್ತಿಲ್ಲ. ಬೈಯೋದಿದ್ರೆ ಆಟಕ್ಕೆ ಬೈ, ಹೆಣ್ಣಿನ ಹುಟ್ಟಿಗೆ ಬೈಬೇಡ." ಸುತ್ತಲಿನವರು ತಿರುಗಿದರು. ಏನಾಯಿತು ಅಂತ ಒಂದಿಬ್ಬರು ಕೇಳಿದರು. ಕಾಲು ಜಾರಿದ್ದು, ಉರುಳಿದ್ದು, ಎಲ್ಲವನ್ನೂ ಮೊದಲಿಂದ ಕೈಯಾಡಿಸಿ ಹೇಳಿದೆ. ಗಡ್ಡದವನು ತಲೆ ತಗ್ಗಿಸಿ ಕೂತ. ಆಮೇಲೆ ನಾನು ಚಪ್ಪಾಳೆ ತಟ್ಟಿ "ಕಾಳನಾಗಿ, ಕಾಳನಾಗಿ" ಅಂತ ಕೂಗಿದೆ. ನಾಲ್ಕು ಸಾಲಿನವರು ನನ್ನ ಜೊತೆ ಕೂಗಿದರು. ಬೆಟ್ಟಮ್ಮನೂ ಸೆರಗು ಬಿಟ್ಟು ಕೂಗಿದಳು.

ನಿನ್ನ ವಿಡಿಯೋ ಶುರುವಾಗೋದು ಇಲ್ಲಿಂದ. ಮುದುಕಿ ಕೂಗುತ್ತಾಳೆ, ಆ ಹುಡುಗಿ ತಿರುಗಿ ಮುದುಕಿಗೆ ಉದ್ದಕ್ಕೆ ನಾಲಿಗೆ ಚಾಚಿ ಹೋಗುತ್ತಾಳೆ. ಜನ ನಗೋದು ಅದಕ್ಕೇ ತಾನೆ? ನನಗೆ ಮೈ ಜುಂ ಅಂದದ್ದೂ ಅದಕ್ಕೇ. ಅಷ್ಟು ನೋವಿನಲ್ಲೂ ಪಾರ್ಟು ಬಿಡಲಿಲ್ಲ. ಆಟ ಮುಗಿದ ಮೇಲೆ ಬೆಟ್ಟಮ್ಮ ನನ್ನನ್ನು ಶಾಮಿಯಾನದ ಹಿಂದಕ್ಕೆ ಕರೆದುಕೊಂಡು ಹೋದಳು. ಮಾದೇವಿ ಕೈಗೆ ಜೋಳಿಗೆಯಂತೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಳು. "ನಾಲ್ಗೆ ಚಾಚಿದ್ಕೆ ಬೇಜಾರ್ ಮಾಡ್ಕಬ್ಯಾಡಿ ಅಮ್ಮ" ಅಂದಳು. ಕೈಮುಗಿದಿದ್ದರೆ ಬೇಜಾರಾಗುತ್ತಿತ್ತು ಅಂದೆ. ನಕ್ಕಳು, ನಕ್ಕರೆ ಭುಜ ನೋಯಿತು, ಮತ್ತೂ ನಕ್ಕಳು. ಬೆಟ್ಟಮ್ಮ ಅವಳ ಬೆವರು ಒರೆಸುತ್ತಾ ಯಾರಿಗೋ ಬಯ್ಯುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಬರುತ್ತೇನೆ. ಮುತ್ತೈದೆಯರ ಸಾಲಿನಲ್ಲಿ ನಿಲ್ಲಿಸು ಅಂತ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಮಗಳ ಮನೆಯಲ್ಲಿ ಹಾಲುಕ್ಕುವುದನ್ನು ನೋಡಬೇಕು, ಪಂಕ್ತಿಯಲ್ಲಿ ಎಲ್ಲರ ಜೊತೆ ಊಟಕ್ಕೆ ಕೂರಬೇಕು. ಯಾರಾದರೂ ಕೇಳಿದರೆ ನಾನೇ ಅನ್ನುತ್ತೇನೆ. ಇನ್ನೂ ಕೇಳಿದರೆ ಭುಜ ಕೊಟ್ಟ ಕಥೆಯನ್ನೂ ಹೇಳುತ್ತೇನೆ. ನಿನ್ನ ಮಾವನವರ ಹತ್ತಿರ ಆ ಸಂಧ್ಯಾವಂದನೆಯ ಸುಳ್ಳಿಗೂ ಕ್ಷಮೆ ಕೇಳುವುದಿದೆ. ಬೇಡ ಅನ್ನುವುದಾದರೆ ಗುರುವಾರದೊಳಗೆ ಬಾಯಿಬಿಟ್ಟು ಬೇಡ ಅನ್ನು, ಬರುವುದಿಲ್ಲ. ಸಾಯಂಕಾಲ ಕದ್ದು ಬಂದು ಹೋಗುವ ಹೆಂಗಸು ಮಾತ್ರ ನಾನಲ್ಲ.

ಹೊಸ ಮನೆಯಲ್ಲಿ ನೀವಿಬ್ಬರೂ ಚೆನ್ನಾಗಿ ಬಾಳಿ. ನೀರು ಬದಲಾದರೆ ನಿನಗೆ ಗಂಟಲು ಕಟ್ಟುತ್ತದೆ, ಕಾಯಿಸಿ ಕುಡಿ.

ನಿನ್ನ ಮೇಲೆ ಕೋಪವೂ ಪ್ರೀತಿಯೂ ಇರುವ
ನಿನ್ನ ಅಮ್ಮ,
ಗೋದಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ವಿಡಿಯೋ ನೋಡಿ ಶೋ ನಡೆಸುವವರು ನಿನ್ನೆ ಫೋನ್ ಮಾಡಿದ್ದರು. ಇಪ್ಪತ್ಮೂರನೇ ತಾರೀಕು ಭಾನುವಾರ ಮದ್ದೂರಿನಲ್ಲಿ ಆಟ. ನೋಡುವವರಿಗೆ ಏನು ನಡೆಯುತ್ತಿದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕಂತೆ. ಯೋಚಿಸಿ ಹೇಳಿ ಅಂದರು, ಯೋಚಿಸದೆ ಹೂಂ ಅಂದುಬಿಟ್ಟೆ. ಮದ್ದೂರಿನ ಗೋಡೆಗಳಿಗೆ ಹಚ್ಚುವ ಪೋಸ್ಟರಿನಲ್ಲಿ ನನ್ನ ಹೆಸರು ಹಾಕಬಹುದಾ ಅಂತ ಕೇಳಿದರು. ಹಾಕಿ ಅಂದೆ. ಹೆಸರು ಗೋದಮ್ಮ, ಕೆಳಗೆ ಸಿಂಧುವಿನ ತಾಯಿ ಅಂತಲೂ ಬರೆಯಿರಿ ಅಂದೆ. ಅದನ್ನು ತೆಗೆಸಬೇಕಾದರೆ ನೀನೇ ಫೋನ್ ಮಾಡಬೇಕು, ನನಗೆ. ಅವರ ನಂಬರ್ ಕೊಡುವುದಿಲ್ಲ.