ಕೋಡಿ ಕೆಳಗಿನ ಖರಾಬು

ಪುರಸಭೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕೆರೆ ಕೋಡಿಯ ಕೆಳಗೆ ಉಳಿದಿರುವ ಮೂರೆಕರೆ ಬಯಲನ್ನೂ ನಿವೇಶನ ಮಾಡಿ ಹಂಚುವುದಾಗಿ ತಾವು ನೋಟೀಸು ಅಂಟಿಸಿದ್ದೀರಿ. ಮೊದಲು ಹಂಚಿದ ಐದೆಕರೆ ಏನು ಮಾಡಿತೆಂದು ಕಣ್ಣಾರೆ ನೋಡಿದ ಮೇಲೂ ಅಂಟಿಸಿದ್ದೀರಲ್ಲ, ತಮ್ಮ ಧೈರ್ಯಕ್ಕೆ ಕೈಮುಗಿಯಬೇಕು.

ನಾನು ತಕರಾರು ತಂದಾಗ ತಾವು ಪಹಣಿ ತೆಗೆಸಿ ಒಂದು ಪದದ ಮೇಲೆ ಬೆರಳಿಟ್ಟಿರಿ: ಖರಾಬು. ಕೆಲಸಕ್ಕೆ ಬಾರದ ನೆಲ ಎಂದು ಅರ್ಥವನ್ನೂ ಹೇಳಿದಿರಿ. ಸ್ವಾಮಿ, ಅದು ಕೆಲಸಕ್ಕೆ ಬಾರದ್ದು ನೇಗಿಲಿಗೆ, ನೀರಿಗಲ್ಲ. ಕೆರೆ ತುಂಬಿ ಕೋಡಿ ಬಿದ್ದಾಗ ನೀರು ಮೈಚಾಚಿ ಮಲಗುತ್ತಿದ್ದದ್ದು ಅಲ್ಲಿಯೇ. ವರ್ಷಕ್ಕೆ ನಾಲ್ಕು ದಿನ ಅದರ ಕೆಲಸ. ಉಳಿದ ದಿನ ದನ ಮೇಯುತ್ತಿದ್ದವು, ನಾವು ತೆಂಗಿನ ಮಟ್ಟೆ ಒಣಗಿಸುತ್ತಿದ್ದೆವು. ತಮ್ಮ ಓವರ್‌ಸಿಯರು ಅಳತೆಗೆ ಬಂದದ್ದು ಏಪ್ರಿಲ್ ತಿಂಗಳಲ್ಲಿ. ಆ ಬಿಸಿಲಲ್ಲಿ ಅವರಿಗೆ ನೀರು ಎಲ್ಲಿಂದ ಕಾಣಬೇಕು?

ಹೋದ ಅಕ್ಟೋಬರಿನಲ್ಲಿ ಕೋಡಿ ಬಿತ್ತು. ಬಯಲಿನಲ್ಲಿ ಹರಡಬೇಕಿದ್ದ ನೀರು ಹೊಸ ಮನೆಗಳ ಅಡಿಪಾಯಕ್ಕೆ ಬಡಿದು ಹಳೇ ಬೀದಿಗೆ ತಿರುಗಿತು. ಅಲ್ಲಿ ನನ್ನ ಅಕ್ಕ ಗುರುಶಾಂತಮ್ಮನ ಮನೆ. ಮಟಮಟ ಮಧ್ಯಾಹ್ನ ಹೋಗಿ ಕರೆದೆ. ನಡುಮನೆಯಲ್ಲಿ ಮೊಣಕಾಲುದ್ದ ನೀರಿತ್ತು. ಅವಳು ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ವರ್ಷದಿಂದ ಕೂಡಿಟ್ಟ ಕಾಯಿಗಳ ನಡುವೆ ಕುಳಿತಿದ್ದಳು.

"ಇಲ್ಲೇ ಕುಂತಿರ್ತೀನಿ ಬುಡು. ಈ ಬೀದೀಲಿ ನೀರು ಯಾವತ್ತು ನಿಂತೈತಪ್ಪ?" ಎಂದಳು.

ನಿಜ, ಯಾವತ್ತೂ ನಿಂತಿರಲಿಲ್ಲ. ನಮ್ಮ ಕಡೆ ಬೆಲೆಬಾಳುವುದೆಲ್ಲ ಅಟ್ಟದ ಮೇಲೇ ಇರುವುದು, ಹಾಗಾಗಿ ಅಟ್ಟಕ್ಕಿಂತ ಭದ್ರ ಜಾಗವಿಲ್ಲವೆಂದು ನಾನೂ ನಂಬಿ ಹಿಂತಿರುಗಿದೆ. ನೆನೆದ ಮಣ್ಣಿನ ಗೋಡೆ ಅಷ್ಟು ಕಾಯಿಯ ಭಾರ ತಡೆಯಲಿಲ್ಲ. ಅಟ್ಟ ಅವಳ ಸಮೇತ ಕುಸಿಯಿತು. ತಮ್ಮ ವರದಿಯಲ್ಲಿ ಸಾವಿಗೆ ಕಾರಣ 'ಮನೆ ಹಳೆಯದು' ಎಂದಿದೆ. ಎಪ್ಪತ್ತು ವರ್ಷ ನಿಂತಿದ್ದ ಮನೆ ಆ ಒಂದು ಮಧ್ಯಾಹ್ನ ಹಳೆಯದಾಯಿತೇ?

ಇನ್ನೊಂದು ಮಾತು ಬರೆಯದಿದ್ದರೆ ಈ ಪತ್ರವೂ ತಮ್ಮ ವರದಿಯಂತೆಯೇ ಆಗುತ್ತದೆ. ಆ ಅಡಿಪಾಯಗಳಲ್ಲಿ ನನ್ನದೂ ಒಂದು. ಕೋಡಿ ನೋಡುತ್ತಲೇ ಬೆಳೆದವನು, ಅಗ್ಗಕ್ಕೆ ಸಿಗುತ್ತದೆಂದು ಅರ್ಜಿ ಹಾಕಿದೆ. ಈಗ ನಿವೇಶನ ಹಿಂದಕ್ಕೆ ತೆಗೆದುಕೊಳ್ಳಿ ಎಂದರೆ, ಕೊಡುವುದಕ್ಕೆ ಕಾನೂನಿದೆ, ಹಿಂಪಡೆಯುವುದಕ್ಕಿಲ್ಲ ಎನ್ನುತ್ತೀರಿ.

ತಾವು ಕೇಳುವುದಿಲ್ಲವೆಂದು ಗೊತ್ತು. ಆದರೂ ಕೇಳುತ್ತೇನೆ: ಆ ಮೂರೆಕರೆಯನ್ನು ಹಂಚಬೇಡಿ. ನನ್ನ ಮನೆಯನ್ನು ಮೊದಲು ಕೆಡವಿಸಿ. ಹಳೇ ಬೀದಿಯಲ್ಲಿ ಇನ್ನೂ ಹನ್ನೊಂದು ಅಟ್ಟಗಳ ತುಂಬ ಕಾಯಿ ಇವೆ.

ಇಂತಿ,
ಅಕ್ಕನ ಮನೆಗೆ ನೀರು ತಿರುಗಿಸಿದ ತಮ್ಮ,
ತೋಂಟದಾರ್ಯ